ಚಂದ್ರನ ಮೇಲೆ ನೌಕೆ ಇಳಿಯುವ ನೇರಪ್ರಸಾರ: ಸಂಖ್ಯೆಗಳನ್ನು ಓದುವುದು ಹೇಗೆ

ಚಂದ್ರನ ಮೇಲೆ ನೌಕೆ ಇಳಿಯುವ ನೇರಪ್ರಸಾರದಲ್ಲಿ ಎಲ್ಲವೂ ಕಾಣುತ್ತದೆ, ನೌಕೆ ಇಳಿಯುವುದೊಂದನ್ನು ಬಿಟ್ಟು. ಇದನ್ನು ಮೊದಲೇ ತಿಳಿದು ಕೂತರೆ ನಿರಾಸೆ ಇಲ್ಲ. ಪರದೆಯ ಮೇಲೆ ಇರುವುದು ಮೂರು-ನಾಲ್ಕು ಸಂಖ್ಯೆ, ಒಂದು ಬಾಗಿದ ಗೆರೆ, ಕಂಪ್ಯೂಟರ್ ಬಿಡಿಸಿದ ಒಂದು ಚಿತ್ರ, ಜೊತೆಗೆ ಕಂಟ್ರೋಲ್ ರೂಮಿನಲ್ಲಿ ಕುಳಿತವರ ಮುಖಗಳು. ಮುಖ ನೋಡಿದರೆ ಏನೂ ಗೊತ್ತಾಗದು. ಓದಬೇಕಾದ್ದು ಸಂಖ್ಯೆಗಳನ್ನು.

ಹಾಗಂತ ನೌಕೆಯಲ್ಲಿ ಕ್ಯಾಮೆರಾ ಇಲ್ಲವೆಂದಲ್ಲ. ಇಳಿಯುವಾಗ ನೌಕೆ ಮಲಗಿದ ಭಂಗಿಯಿಂದ ನೆಟ್ಟಗಾಗುವವರೆಗೆ ತಿರುಗುತ್ತಲೇ ಇರುತ್ತದೆ. ಹೆಚ್ಚು ದತ್ತಾಂಶ ಕಳಿಸಬಲ್ಲ ಆಂಟೆನಾವನ್ನು ಆ ಸ್ಥಿತಿಯಲ್ಲಿ ಭೂಮಿಯ ಕಡೆಗೇ ಹಿಡಿದಿಡುವುದು ಕಷ್ಟ. ಇರುವ ತೆಳುವಾದ ಸಂಪರ್ಕದಲ್ಲಿ ಎತ್ತರ, ವೇಗ, ಇಂಧನದ ಒತ್ತಡ ಇಂಥವೇ ಮೊದಲು ಬರಬೇಕು. ಚಿತ್ರಗಳು ನೌಕೆಯ ನೆನಪಿನಲ್ಲಿ ಉಳಿದು ಆಮೇಲೆ ಬರುತ್ತವೆ. ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರ ಸಂಜೆ 6.04ಕ್ಕೆ, ಇಳಿಯುವಾಗ ತೆಗೆದ ವಿಡಿಯೊವನ್ನು ಇಸ್ರೋ ಬಿಡುಗಡೆ ಮಾಡಿದ್ದು ಮರುದಿನ. ನೇರಪ್ರಸಾರದಲ್ಲಿ ಧೂಳೆಬ್ಬಿಸುತ್ತ ಇಳಿಯುವ ನೌಕೆಯ ಚೆಂದದ ದೃಶ್ಯ ಕಂಡರೆ ಅದು ಅನಿಮೇಶನ್ ಅಂತ ಕಣ್ಣುಮುಚ್ಚಿ ಹೇಳಬಹುದು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ

ಬೇರೆ ದೇಶದ ನೌಕೆಯಾದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ರಕಟಣೆಯಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಇದ್ದರೆ ಐದೂವರೆ ಗಂಟೆ ಕೂಡಿಸಿ. ಜಪಾನಿನ ಸಮಯವಾದರೆ ಮೂರೂವರೆ ಗಂಟೆ ಕಳೆಯಿರಿ. ಅಮೆರಿಕದ ಪೂರ್ವ ಕರಾವಳಿಯ ಸಮಯಕ್ಕೆ ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಕೂಡಿಸಬೇಕು. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ‘ಸಿಎಸ್‌ಟಿ’ ಎಂದಿದ್ದರೆ ಯಾರ ಪ್ರಕಟಣೆ ಎಂದು ನೋಡಿ: ಟೆಕ್ಸಾಸ್‌ನ ಕಂಪನಿ ಹೇಳಿದ ಸಿಎಸ್‌ಟಿಗೆ ಹನ್ನೊಂದೂವರೆ ಗಂಟೆ ಕೂಡಿಸಬೇಕು, ಚೀನಾ ಹೇಳಿದ ಸಿಎಸ್‌ಟಿಯಲ್ಲಿ ಎರಡೂವರೆ ಗಂಟೆ ಕಳೆಯಬೇಕು. ತಾರೀಖೂ ಬದಲಾಗಬಹುದು. ಜಪಾನಿನ ಸ್ಲಿಮ್ ನೌಕೆ ಅಲ್ಲಿನ ಲೆಕ್ಕದಲ್ಲಿ 2024ರ ಜನವರಿ 20ರ ನಡುರಾತ್ರಿ 12.20ಕ್ಕೆ ಇಳಿಯಿತು; ನಮಗೆ ಅದು 19ರ ರಾತ್ರಿ 8.50, ಊಟದ ಹೊತ್ತು. ಅಮೆರಿಕದ ಒಡಿಸ್ಸಿಯಸ್ ಅಲ್ಲಿ ಫೆಬ್ರುವರಿ 22ರ ಸಂಜೆ 6.23ಕ್ಕೆ ಇಳಿದಾಗ ನಮ್ಮಲ್ಲಿ 23ರ ಬೆಳಗಿನ ಜಾವ 4.53.

ಹೇಳಿದ ಹೊತ್ತು ಜಾರುವುದೂ ಉಂಟು. ಅದೇ ಒಡಿಸ್ಸಿಯಸ್, ಅಳತೆಯ ಲೇಸರ್ ಉಪಕರಣ ಕೆಲಸ ಮಾಡುತ್ತಿಲ್ಲವೆಂದು ತಿಳಿದಾಗ ಇನ್ನೊಂದು ಸುತ್ತು ಹಾಕಿ, ಸುಮಾರು ಎರಡು ಗಂಟೆ ತಡವಾಗಿ ಇಳಿಯಿತು. ಒಂದು ಸುತ್ತಿಗೆ ಎರಡು ಗಂಟೆ ಎನ್ನುವುದು ಚಂದ್ರನ ಹತ್ತಿರದ ಕಕ್ಷೆಗಳಿಗೆ ಹೆಚ್ಚುಕಮ್ಮಿ ನಿಜ. ಹಾಗಾಗಿ ‘ಮುಂದಿನ ಸುತ್ತಿಗೆ ನೋಡೋಣ’ ಎಂದು ಕೇಳಿದರೆ ಎರಡು ಗಂಟೆಯ ಅಲಾರಂ ಇಟ್ಟು ಮಲಗಬಹುದು. ಚಂದ್ರಯಾನ-3ಕ್ಕೆ ಆಗಸ್ಟ್ 23 ಕೈಕೊಟ್ಟಿದ್ದರೆ 27ಕ್ಕೆ ಇಳಿಸುವ ಏರ್ಪಾಡಿತ್ತು.

ಪ್ರಸಾರ ಶುರುವಾಗುವ ಹೊತ್ತಿಗೇ ಕೂರಿ. ಚಂದ್ರಯಾನ-3ರ ಪ್ರಸಾರ 5.20ಕ್ಕೆ ಶುರುವಾಯಿತು, ಎಂಜಿನ್ ಹೊತ್ತಿದ್ದು 5.45ರ ಸುಮಾರಿಗೆ. ನಡುವಿನ ಆ ಇಪ್ಪತ್ತೈದು ನಿಮಿಷ ಬರೀ ಭಾಷಣವಲ್ಲ. ಯಾವ ಸಂಖ್ಯೆ ಪರದೆಯ ಯಾವ ಮೂಲೆಯಲ್ಲಿದೆ, ಯಾವ ಅಳತೆಯಲ್ಲಿದೆ ಎಂದು ಗುರುತು ಮಾಡಿಕೊಳ್ಳಲು ಸಿಗುವ ಸಮಯ ಅದೊಂದೇ.

ಪರದೆ, ಕರೆಂಟು, ತಡ

ಚಂದ್ರನಿಂದ ರೇಡಿಯೊ ಸಂಕೇತ ಬರಲು ಸುಮಾರು 1.3 ಸೆಕೆಂಡು ಸಾಕು. ಅಲ್ಲಿಂದ ನಿಮ್ಮ ಫೋನಿಗೆ ಬರಲು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಬೇಕು. ಯೂಟ್ಯೂಬ್ ನೇರಪ್ರಸಾರ ಸಾಮಾನ್ಯವಾಗಿ ಹದಿನೈದು-ಮೂವತ್ತು ಸೆಕೆಂಡು ಹಿಂದಿರುತ್ತದೆ, ನೆಟ್ ತಡವರಿಸಿದರೆ ಇನ್ನೂ ಹಿಂದೆ. ಟಿವಿಯಲ್ಲಿ ಡಿಡಿ ಇದ್ದರೆ ಅದು ಬಹುಪಾಲು ಫೋನಿಗಿಂತ ಮುಂದೆ. ಪಕ್ಕದ ಮನೆಯಿಂದ ಚಪ್ಪಾಳೆ ಕೇಳಿಸುತ್ತದೆ, ನಿಮ್ಮ ಪರದೆಯಲ್ಲಿ ನೌಕೆ ಇನ್ನೂ 30 ಮೀಟರ್ ಮೇಲಿರುತ್ತದೆ. ಇದು ಬೇಡವೆಂದರೆ ವಾಟ್ಸ್ಆ್ಯಪ್ ನೋಟಿಫಿಕೇಶನ್ ಆಫ್ ಮಾಡಿ, ಯೂಟ್ಯೂಬಿನಲ್ಲಿ ‘ಲೈವ್’ ಎಂಬ ಕೆಂಪು ಚುಕ್ಕೆಯನ್ನು ಒತ್ತಿ ಪ್ರಸಾರದ ತುದಿಗೆ ಬನ್ನಿ. ನಡುವೆ ಒಮ್ಮೆ ನಿಲ್ಲಿಸಿದರೂ ಅಷ್ಟು ಹಿಂದೆ ಬಿದ್ದಿರಿ ಎಂದೇ ಅರ್ಥ. ಚುಕ್ಕೆ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಚಂದ್ರಯಾನ-3 ಇಳಿದಾಗ ಇಸ್ರೋದ ಯೂಟ್ಯೂಬ್ ಚಾನೆಲ್ಲನ್ನು ಒಂದೇ ಹೊತ್ತಿಗೆ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಯೂಟ್ಯೂಬ್ ಇಂಥ ಭಾರ ತಡೆಯುತ್ತದೆ, ನಿಮ್ಮ ಬಡಾವಣೆಯ ಮೊಬೈಲ್ ಟವರ್ ತಡೆಯದೆ ಹೋಗಬಹುದು. 720ಪಿ ಗುಣಮಟ್ಟದಲ್ಲಿ ಗಂಟೆಗೆ ಒಂದರಿಂದ ಒಂದೂವರೆ ಜಿಬಿ ಖರ್ಚು. ‘ಆಟೊ’ದಲ್ಲಿ ಬಿಟ್ಟರೆ ಕೊನೇ ಗಳಿಗೆಯಲ್ಲಿ ಚಿತ್ರ ಮಸುಕಾಗಿ ಸಂಖ್ಯೆಗಳೇ ಓದಲು ಬಾರದಂತಾಗುತ್ತವೆ. 480ಪಿಗೆ ಕೈಯಾರೆ ಇಳಿಸಿ ಅಲ್ಲೇ ನಿಲ್ಲಿಸುವುದು ಲೇಸು.

ಶಾಲೆಯಲ್ಲೋ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲೋ ಹತ್ತಾರು ಜನರಿಗೆ ತೋರಿಸುವುದಾದರೆ ಎರಡು ಬೇರೆ ಬೇರೆ ದಾರಿ ಇಟ್ಟುಕೊಳ್ಳಿ. ಒಂದು ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್. ಇನ್ನೊಂದು ಡಿಟಿಎಚ್ ಇರುವ ಟಿವಿ, ನಮ್ಮ ನೌಕೆಯಾದರೆ ದೂರದರ್ಶನ ತೋರಿಸಿಯೇ ತೋರಿಸುತ್ತದೆ. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಯುಪಿಎಸ್‌ನಲ್ಲಿದ್ದು ವೈಫೈ ರೂಟರ್ ಮಾತ್ರ ಗೋಡೆಯ ಪ್ಲಗ್ಗಿನಲ್ಲಿರುವುದು ಎಲ್ಲ ಕಡೆ ಆಗುವ ಎಡವಟ್ಟು. ಎಚ್‌ಡಿಎಂಐ ಕೇಬಲ್ ಹಾಕಿದಾಗ ಧ್ವನಿ ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿಬಿಡುತ್ತದೆ. ಹಿಂದಿನ ದಿನವೇ ಯಾವುದಾದರೂ ಹಳೆಯ ಲ್ಯಾಂಡಿಂಗ್ ವಿಡಿಯೊ ಹಾಕಿ ಹಿಂದಿನ ಸಾಲಿಗೆ ಕೇಳುತ್ತದೆಯೇ ನೋಡಿ. ಸಂಖ್ಯೆಗಳೂ ಹಿಂದಿನ ಸಾಲಿಗೆ ಕಾಣುವುದಿಲ್ಲ, ಒಬ್ಬರು ಬೋರ್ಡಿನ ಮೇಲೆ ಬರೆಯುತ್ತ ಹೋಗಬೇಕು.

ನಕಲಿ ಪ್ರಸಾರಗಳ ಬಗ್ಗೆ ಎಚ್ಚರ. ಚಾನೆಲ್ ಹೆಸರಿಗೆ ಒಂದಕ್ಷರ ಹೆಚ್ಚು ಸೇರಿಸಿ, ಹಳೆಯ ಅನಿಮೇಶನ್ ಓಡಿಸುತ್ತ, ಮೂಲೆಯಲ್ಲಿ ಕ್ಯೂಆರ್ ಕೋಡ್ ಇಟ್ಟು ‘ಬಿಟ್‌ಕಾಯಿನ್ ಕಳಿಸಿ, ದುಪ್ಪಟ್ಟು ಪಡೆಯಿರಿ’ ಎನ್ನುವವರು ದೊಡ್ಡ ಉಡಾವಣೆ, ಲ್ಯಾಂಡಿಂಗ್‌ಗಳಿಗೆ ತಪ್ಪದೆ ಹಾಜರಾಗುತ್ತಾರೆ. ಹುಡುಕಾಟದಲ್ಲಿ ಸಿಕ್ಕಿದ್ದನ್ನು ಒತ್ತದೆ, ಸಂಸ್ಥೆಯ ಜಾಲತಾಣದಿಂದಲೇ ಕೊಂಡಿ ಹಿಡಿದು ಹೋಗಿ.

ಸಂಖ್ಯೆ ಓದುವ ಬಗೆ

ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಂಬ ಎಳೆಯಿರಿ: ಗಡಿಯಾರದ ಸಮಯ, ಎತ್ತರ, ಅಡ್ಡವೇಗ (ನೆಲಕ್ಕೆ ಸಮಾನಾಂತರವಾಗಿ ಸಾಗುವುದು), ಲಂಬವೇಗ (ಕೆಳಮುಖವಾಗಿ ಇಳಿಯುವುದು). ಅರ್ಧ ನಿಮಿಷಕ್ಕೊಮ್ಮೆ ಬರೆದರೆ ಸಾಕು. ಹೋಲಿಸಲು ಚಂದ್ರಯಾನ-3ರ ಯೋಜಿತ ಲೆಕ್ಕ ಹೀಗಿತ್ತು:

ಶುರುವಿನಲ್ಲಿ: ಎತ್ತರ ಸುಮಾರು 30 ಕಿ.ಮೀ., ಅಡ್ಡವೇಗ ಸೆಕೆಂಡಿಗೆ 1,680 ಮೀಟರ್, ಲಂಬವೇಗ ಹೆಚ್ಚುಕಮ್ಮಿ ಸೊನ್ನೆ.
ರಫ್ ಬ್ರೇಕಿಂಗ್ (ಮೊದಲ ದೊಡ್ಡ ಬ್ರೇಕ್), 690 ಸೆಕೆಂಡು: ಎತ್ತರ 7.4 ಕಿ.ಮೀ.ಗೆ, ಅಡ್ಡವೇಗ 358 ಮೀಟರಿಗೆ ಇಳಿಯುತ್ತದೆ; ಲಂಬವೇಗ 61 ಮೀಟರಿಗೆ ಏರುತ್ತದೆ.
ಭಂಗಿ ಸ್ಥಿರ ಹಂತ, 10 ಸೆಕೆಂಡು: ಎತ್ತರ 6.8 ಕಿ.ಮೀ.
ಫೈನ್ ಬ್ರೇಕಿಂಗ್ (ನಾಜೂಕಿನ ಬ್ರೇಕ್), 175 ಸೆಕೆಂಡು: ಸುಮಾರು 800 ಮೀಟರ್ ಎತ್ತರದಲ್ಲಿ ಎರಡೂ ವೇಗ ಸೊನ್ನೆಯ ಹತ್ತಿರ.
150 ಮೀಟರಿನಲ್ಲಿ ನಿಂತು ಕೆಳಗೆ ಬಂಡೆ-ಗುಂಡಿ ಇದೆಯೇ ನೋಡುವುದು; ಆಮೇಲೆ ಸೆಕೆಂಡಿಗೆ 2 ಮೀಟರ್ ಅಥವಾ ಅದಕ್ಕೂ ಕಡಿಮೆ ವೇಗದಲ್ಲಿ ನೆಲ ಮುಟ್ಟುವುದು.

ಇದರಲ್ಲಿ ಹೊಸಬರಿಗೆ ಗಾಬರಿ ಹುಟ್ಟಿಸುವುದು ರಫ್ ಬ್ರೇಕಿಂಗ್ ಹಂತದ ಲಂಬವೇಗ. ಎಂಜಿನ್ ಉರಿಯುತ್ತಿದ್ದರೂ ಕೆಳಮುಖ ವೇಗ ಏರುತ್ತಲೇ ಹೋಗುತ್ತದಲ್ಲ, ಬೀಳುತ್ತಿದೆಯೇ ಎಂದು. ಬೀಳುತ್ತಿಲ್ಲ. ಕಕ್ಷೆಯಲ್ಲಿ ನೌಕೆಯನ್ನು ಮೇಲೆ ಹಿಡಿದಿರುವುದು ಅದರ ಅಡ್ಡವೇಗವೇ. ಎಂಜಿನ್ ಆ ಅಡ್ಡವೇಗವನ್ನು ತಿನ್ನುತ್ತ ಹೋದಂತೆ ನೌಕೆ ತಾನಾಗಿ ಕೆಳಗಿಳಿಯುತ್ತದೆ. ಈ ಹಂತದಲ್ಲಿ ನೋಡಬೇಕಾದ್ದು ಅಡ್ಡವೇಗ: 690 ಸೆಕೆಂಡಿನಲ್ಲಿ 1,320 ಮೀಟರ್ ಕಳೆಯಬೇಕೆಂದರೆ ಸರಾಸರಿ ನಿಮಿಷಕ್ಕೆ 115ರಷ್ಟು. ನಿಮ್ಮ ಹಾಳೆಯಲ್ಲಿ ಎರಡು ಸಾಲುಗಳ ನಡುವೆ 55-60ರ ಅಂತರ ಬರುತ್ತಿದ್ದರೆ ನೆಮ್ಮದಿಯಿಂದ ಕೂರಿ.

ಫೈನ್ ಬ್ರೇಕಿಂಗ್ ಶುರುವಾದ ಮೇಲೆ ಬೇರೆ ಲೆಕ್ಕ. ಎತ್ತರವನ್ನು ಲಂಬವೇಗದಿಂದ ಭಾಗಿಸಿ. ಈಗಿನ ವೇಗದಲ್ಲೇ ಹೋದರೆ ನೆಲ ಮುಟ್ಟಲು ಉಳಿದಿರುವ ಸೆಕೆಂಡುಗಳು ಸಿಗುತ್ತವೆ. 6,800 ಮೀಟರ್ ಎತ್ತರ, ಸೆಕೆಂಡಿಗೆ 59 ಮೀಟರ್ ವೇಗ: 115 ಸೆಕೆಂಡು, ಧಾರಾಳವಾಯಿತು. ಕೆಳಗೆ ಬಂದಂತೆ ಈ ಸಂಖ್ಯೆ ಕುಸಿಯಬಾರದು, ಏಕೆಂದರೆ ಎತ್ತರದ ಜೊತೆಗೆ ವೇಗವೂ ಇಳಿಯುತ್ತಿರಬೇಕು. 2019ರ ಏಪ್ರಿಲ್ 11ರಂದು ಇಸ್ರೇಲಿನ ಬೆರೆಶೀಟ್ ಕಳಿಸಿದ ಕೊನೆಯ ಸಂಖ್ಯೆಗಳನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ: ಎತ್ತರ 149 ಮೀಟರ್, ಲಂಬವೇಗ 134, ಅಡ್ಡವೇಗ ಇನ್ನೂ 947ರ ಹತ್ತಿರ. ಉಳಿದದ್ದು ಒಂದು ಸೆಕೆಂಡಿಗೆ ಸ್ವಲ್ಪ ಮೇಲೆ. ಇಂಥಲ್ಲಿ ಯಾರೂ ಘೋಷಿಸುವುದನ್ನು ಕಾಯಬೇಕಿಲ್ಲ.

ಯೋಜಿತ ಪಥದ ಗೆರೆ ಮತ್ತು ನಿಜವಾಗಿ ಸಾಗಿದ ಗೆರೆ ಎರಡನ್ನೂ ತೋರಿಸುವ ಪ್ರಸಾರವಾದರೆ, ಅಂತರ ಎಷ್ಟು ಎಂಬುದಕ್ಕಿಂತ ಅದು ಹಿಗ್ಗುತ್ತಿದೆಯೇ ಕುಗ್ಗುತ್ತಿದೆಯೇ ಎಂದು ಗಮನಿಸಿ. ಸಣ್ಣ ವ್ಯತ್ಯಾಸ ಸಹಜ, ನೌಕೆಯ ಕಂಪ್ಯೂಟರ್ ಅದನ್ನು ಸರಿಪಡಿಸಿಕೊಳ್ಳಲೆಂದೇ ಇದೆ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಇಳಿಯುವಾಗ ನಿಜವಾಗಿ ಸಾಗಿದ ಹಸಿರು ಗೆರೆ ಯೋಜಿತ ಪಥದ ಕೆಂಪು ಗೆರೆಯನ್ನು ಬಿಟ್ಟು ಸರಿಯಿತು, ಮತ್ತೆ ಕೂಡಲಿಲ್ಲ. ಎಂಜಿನ್‌ಗಳು ಲೆಕ್ಕಕ್ಕಿಂತ ತುಸು ಹೆಚ್ಚು ನೂಕುಬಲ ಕೊಟ್ಟು ದೋಷ ಕೂಡುತ್ತ ಹೋಯಿತು. ಅದನ್ನು ತಿದ್ದಲು ನೌಕೆ ಬೇಗ ತಿರುಗಬೇಕಿತ್ತು, ಎಷ್ಟು ಬೇಗ ತಿರುಗಬಹುದು ಎಂಬುದಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಇಳಿಯಬೇಕಾದ ಜಾಗವೂ 500 ಮೀಟರ್ ಚೌಕ ಮಾತ್ರ. ಮುಂದಿನ ಸಲ ಅದನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲ ಮಾಡಿದರು, ಐದು ಎಂಜಿನ್ ಇದ್ದದ್ದು ನಾಲ್ಕಾಯಿತು.

ಪರದೆಯ ಮೇಲಿನ ಎತ್ತರವೂ ನೌಕೆಯೇ ಅಂದಾಜಿಸಿದ್ದು, ಹೊರಗಿನಿಂದ ಯಾರೋ ಅಳೆದದ್ದಲ್ಲ. 2023ರ ಏಪ್ರಿಲ್‌ನಲ್ಲಿ ಜಪಾನಿನ ಐಸ್ಪೇಸ್ ಕಂಪನಿಯ ಹಕುಟೊ-ಆರ್ ಒಂದು ಕುಳಿಯ ಎತ್ತರದ ಅಂಚನ್ನು ದಾಟಿದಾಗ ಕೆಳಗಿನ ನೆಲ ದಿಢೀರನೆ ಆಳಕ್ಕೆ ಹೋಯಿತು. ಎತ್ತರ ಅಳೆಯುವ ಉಪಕರಣ ಸರಿಯಾಗಿಯೇ ಹೇಳಿತು. ಇಷ್ಟು ದೊಡ್ಡ ಜಿಗಿತ ಸಾಧ್ಯವಿಲ್ಲವೆಂದು ಸಾಫ್ಟ್‌ವೇರ್ ಅದರ ಮಾತನ್ನೇ ಕೇಳುವುದನ್ನು ಬಿಟ್ಟಿತು. ನೆಲದ ಹತ್ತಿರ ಬಂದೆನೆಂದು ನೌಕೆ ತಿಳಿದಾಗ ಅದು ಸುಮಾರು 5 ಕಿ.ಮೀ. ಮೇಲಿತ್ತು. ನಿಧಾನವಾಗಿ ಇಳಿಯುತ್ತ ಇಂಧನ ಮುಗಿಸಿಕೊಂಡು ಬಿದ್ದಿತು. ಎತ್ತರ ಸೊನ್ನೆಗೆ ಬಂದರೂ ನೆಲ ಮುಟ್ಟಿದ ಸುದ್ದಿ ಬಾರದಿದ್ದರೆ ಈ ಪ್ರಕರಣ ನೆನಪಿರಲಿ.

ನೆಲ ಮುಟ್ಟಿದ ಮೇಲಿನ ಮೌನ

ಸಂಖ್ಯೆ ನಿಂತರೆ ನೌಕೆ ಹೋಯಿತು, ಸಂಖ್ಯೆ ಬರುತ್ತಿದ್ದರೆ ಗೆದ್ದಿತು: ಈ ಎರಡೂ ನಂಬಿಕೆ 2024ರ ಮೊದಲ ಎರಡು ತಿಂಗಳಲ್ಲೇ ಸುಳ್ಳಾದವು. ಸ್ಲಿಮ್ ಇಳಿದ ಮೇಲೂ ಅದರ ಸಂಕೇತ ಬರುತ್ತಲೇ ಇತ್ತು, ಕಂಟ್ರೋಲ್ ರೂಮಿನಲ್ಲಿ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೌರಫಲಕ ವಿದ್ಯುತ್ ಕೊಡುತ್ತಿಲ್ಲ ಎಂದು ಹೊರಗೆ ತಿಳಿದದ್ದು ಸುಮಾರು ಎರಡು ಗಂಟೆ ಬಿಟ್ಟು ನಡೆದ ಪತ್ರಿಕಾಗೋಷ್ಠಿಯಲ್ಲಿ. ಇಳಿಯುವಾಗ ಎರಡು ಮುಖ್ಯ ಎಂಜಿನ್‌ಗಳಲ್ಲಿ ಒಂದರ ನಳಿಕೆ ಕಳಚಿಬಿದ್ದು ನೌಕೆ ಮೂಗು ಕೆಳಗಾಗಿ ನಿಂತಿತ್ತು. ಒಡಿಸ್ಸಿಯಸ್‌ನದ್ದು ತಿರುವುಮುರುವು: ಹತ್ತು ನಿಮಿಷಕ್ಕೂ ಹೆಚ್ಚು ಮೌನ, ಆಮೇಲೆ ಕ್ಷೀಣವಾದ ಸಂಕೇತ. ನೆಟ್ಟಗೆ ನಿಂತಿದೆ ಎಂದರು. ಮರುದಿನ, ಇಲ್ಲ, ಒಂದು ಮಗ್ಗುಲಿಗೆ ಒರಗಿದೆ ಎಂದರು. ಆಂಟೆನಾಗಳು ತಪ್ಪು ದಿಕ್ಕಿಗೆ ತಿರುಗಿದ್ದವು.

ಹಾಗಾಗಿ ‘ಟಚ್‌ಡೌನ್’ ಎಂದು ಕೇಳಿದ ಮೇಲೆ ಪಟಾಕಿ ಹಚ್ಚುವ ಮುಂಚೆ ಮೂರು ವಿಷಯ ಕೇಳಿಸಿಕೊಳ್ಳಿ. ಎಂಜಿನ್ ಆರಿತೇ? ನೌಕೆ ಎಷ್ಟು ವಾಲಿದೆ? ಸೌರಫಲಕದಿಂದ ವಿದ್ಯುತ್ ಬರುತ್ತಿದೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಬಹುಮಟ್ಟಿಗೆ ಎಲ್ಲವೂ ಸರಿ. ಮೌನವಿದ್ದರೆ ಕನಿಷ್ಠ ಅರ್ಧ ಗಂಟೆ ಕಾಯಿರಿ. ಅಷ್ಟರಲ್ಲಿ ನಾಸಾದ ‘ಡಿಎಸ್‌ಎನ್ ನೌ’ ಪುಟವನ್ನು ಇನ್ನೊಂದು ಪರದೆಯಲ್ಲಿ ತೆರೆದಿಡಬಹುದು: ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾದ ಯಾವ ಡಿಶ್ ಯಾವ ನೌಕೆಯೊಂದಿಗೆ ಮಾತಾಡುತ್ತಿದೆ ಎಂದು ಅದು ತೋರಿಸುತ್ತದೆ. ಎಲ್ಲ ನೌಕೆಗಳೂ ನಾಸಾದ ಡಿಶ್‌ಗಳನ್ನು ಬಳಸುವುದಿಲ್ಲ, ಅಲ್ಲಿ ಹೆಸರಿಲ್ಲದಿದ್ದರೆ ಅಪಾಯವೆಂದು ತಿಳಿಯಬೇಕಿಲ್ಲ.

ಇನ್ನೂ ಆಳಕ್ಕೆ ಇಳಿಯುವವರಿಗೆ ಹವ್ಯಾಸಿ ರೇಡಿಯೊ ಮಂದಿಯ ಡಾಪ್ಲರ್ ಗೆರೆ ಇದೆ: ನೌಕೆಯ ವೇಗ ಬದಲಾದಂತೆ ಅದರ ಸಂಕೇತದ ಆವರ್ತನ ಸರಿಯುವುದನ್ನು ತೋರಿಸುವ ಗೆರೆ. ಚಂದ್ರಯಾನ-2ರ ರಾತ್ರಿ ನೆದರ್‌ಲೆಂಡ್ಸ್‌ನ ಡ್ವಿಂಗಲೂವಿನ 25 ಮೀಟರ್ ಡಿಶ್ ವಿಕ್ರಮ್‌ನ ಸಂಕೇತ ಹಿಡಿದಿತ್ತು, ಅದು ಕಡಿದುಹೋದ ಗಳಿಗೆ ಆ ಗೆರೆಯಲ್ಲಿ ಹೊರಗಿನವರಿಗೂ ಕಂಡಿತು. 2,250 ಮೆಗಾಹರ್ಟ್ಸ್ ಆಸುಪಾಸಿನ ಸಂಕೇತದಲ್ಲಿ ಸೆಕೆಂಡಿಗೆ 1,680 ಮೀಟರ್ ವೇಗ ಪೂರ್ತಿ ನಮ್ಮ ದಿಕ್ಕಿಗಿದ್ದರೆ ಆವರ್ತನ 12.6 ಕಿಲೋಹರ್ಟ್ಸ್ ಸರಿಯುತ್ತದೆ. ನೌಕೆ ನಿಂತಾಗ ಗೆರೆ ಬಹುತೇಕ ನೆಟ್ಟಗಾಗುತ್ತದೆ. ಮನೆಯಲ್ಲೇ ಹಿಡಿಯುವ ಆಸೆಯಿದ್ದರೆ, ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಸಂಕೇತ ಹಿಡಿಯುವ ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ 1,750 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆವರ್ತನ ಇಳಿಸುವ ಡೌನ್‌ಕನ್ವರ್ಟರ್ ಮತ್ತು ಡಿಶ್ ಇಲ್ಲದೆ ಆಗದ ಕೆಲಸ.

ಆಕಾಶದಲ್ಲೂ ಒಮ್ಮೆ ನೋಡಿ

ನೌಕೆ ಕಾಣುವುದಿಲ್ಲ. 8 ಇಂಚಿನ ದೂರದರ್ಶಕದಲ್ಲೂ ಚಂದ್ರನ ಮೇಲೆ ಒಂದು ಕಿಲೋಮೀಟರಿಗಿಂತ ಸಣ್ಣದನ್ನು ಬೇರೆ ಮಾಡಿ ನೋಡುವುದು ಕಷ್ಟ. ಆದರೆ ಜಾಗ ಕಾಣುತ್ತದೆ, ಅದಕ್ಕೆ ಪಂಚಾಂಗವೇ ಸಾಕು.

ಸೌರಶಕ್ತಿಯ ನೌಕೆಗಳನ್ನು ಇಳಿಯುವ ಜಾಗದಲ್ಲಿ ಬೆಳಗಾಗುವ ಹೊತ್ತಿಗೆ ಇಳಿಸುತ್ತಾರೆ, ಹದಿನಾಲ್ಕು ದಿನದ ಹಗಲು ಪೂರ್ತಿ ಸಿಗಲಿ ಎಂದು. ಶುಕ್ಲಪಕ್ಷದ ತಿಥಿಯನ್ನು 12ರಿಂದ ಗುಣಿಸಿ, ಬಂದದ್ದನ್ನು 90ರಿಂದ ಕಳೆಯಿರಿ: ಚಂದ್ರನ ಯಾವ ಪೂರ್ವ ರೇಖಾಂಶದಲ್ಲಿ ಈಗ ಸೂರ್ಯ ಹುಟ್ಟುತ್ತಿದ್ದಾನೆ ಎಂಬುದು ಸುಮಾರಾಗಿ ಸಿಗುತ್ತದೆ. ಅಮೆರಿಕದ ಬ್ಲೂ ಘೋಸ್ಟ್ ನೌಕೆ 2025ರ ಮಾರ್ಚ್ 2ರ ಮಧ್ಯಾಹ್ನ 2.04ಕ್ಕೆ ಇಳಿದಾಗ ತದಿಗೆ. 36 ಕಳೆದರೆ 54. ಮಾರೆ ಕ್ರಿಸಿಯಂ ಎಂಬ ಕಪ್ಪು ಬಯಲಿನಲ್ಲಿ ಅದು ಇಳಿದ ಜಾಗದ ರೇಖಾಂಶ 62 ಡಿಗ್ರಿ ಪೂರ್ವ, ಆಗಷ್ಟೇ ಬೆಳಗಾಗಿತ್ತು. ಅಂದು ಸಂಜೆ ಪಡುವಣದಲ್ಲಿದ್ದ ತೆಳು ಚಂದ್ರನ ಅಂಚಿನಲ್ಲಿ ಆ ಕಪ್ಪು ಮಚ್ಚೆ 10x50 ಬೈನಾಕ್ಯುಲರಿಗೆ ಸಿಗುವಂತಿತ್ತು. ಚಂದ್ರಯಾನ-3 ಇಳಿದದ್ದು ನಾಗರಪಂಚಮಿ ಕಳೆದು ಎರಡನೇ ದಿನ, ಸಪ್ತಮಿ: 90ರಿಂದ 84 ಕಳೆದರೆ 6. ಇಳಿದ ಜಾಗ 32 ಡಿಗ್ರಿ ಪೂರ್ವ. ಸೂರ್ಯ ಹುಟ್ಟಿ ಎರಡು ದಿನದಷ್ಟಾಗಿತ್ತು. ಧ್ರುವಕ್ಕೆ ತೀರ ಹತ್ತಿರದ ಜಾಗಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಬೆಟ್ಟದ ನೆರಳೇ ಹೊತ್ತನ್ನು ಗೊತ್ತುಮಾಡುತ್ತದೆ.

ತಿಥಿ ಗೊತ್ತಾದರೆ ಚಂದ್ರ ನಮ್ಮ ನೆತ್ತಿಯ ಮೇಲಿದ್ದಾನೆಯೇ ಎಂಬುದೂ ತಿಳಿಯಿತು. ಸಪ್ತಮಿಯ ಸಂಜೆ ಆರಕ್ಕೆ ದಕ್ಷಿಣದಲ್ಲಿ ಎತ್ತರಕ್ಕಿದ್ದ, ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿರುವ 32 ಮೀಟರ್ ಡಿಶ್‌ಗೆ ನೇರವಾಗಿ ಕಾಣುತ್ತಿದ್ದ. ಚಂದ್ರಯಾನ-2ರ ದಿನ ಅಷ್ಟಮಿಯ ಆಸುಪಾಸು, ಹೊತ್ತು ರಾತ್ರಿ ಎರಡರ ಹತ್ತಿರ. ನಮ್ಮಲ್ಲಿ ಚಂದ್ರ ಮುಳುಗಿ ಆಗಿತ್ತು, ಸಂಕೇತ ಹಿಡಿಯುವುದು ಹೊರದೇಶದ ಡಿಶ್‌ಗಳ ಪಾಲಾಗಿತ್ತು.

ಇಳಿಯುವ ಜಾಗ ಚಂದ್ರನ ಆಚೆ ಬದಿಯಲ್ಲಿದ್ದರೆ ಇದಾವುದೂ ನಡೆಯದು. ಚೀನಾದ ಚಾಂಗ್’ಎ-6ರಂತೆ ನಡುವೆ ಸಂಕೇತ ದಾಟಿಸುವ ಉಪಗ್ರಹವೊಂದು ಬೇಕು. ಆಗ ಹವ್ಯಾಸಿಗಳ ಡಿಶ್‌ಗೂ ಏನೂ ಸಿಗುವುದಿಲ್ಲ, ಸಂಸ್ಥೆ ಹೇಳಿದ್ದಷ್ಟೇ ಸುದ್ದಿ.